ಮಗಳಿಗೆ ಮೊಬೈಲ್: ಈಗಲೇ ಕಂತಿನಲ್ಲಿ ತರಬೇಕೇ, ತೊಗರಿ ರಾಶಿಯಾಗುವವರೆಗೆ ಕಾದು ನಗದು ಕೊಡಬೇಕೇ?

ಕಾಗಿಣಾ ದಂಡೆ (ಚಿತ್ತಾಪುರ ತಾಲ್ಲೂಕು)

ಎಲ್ಲರಿಗೂ ಶರಣು. ಮಗಳು ಈ ವರ್ಷ ಕಲಬುರಗಿಯಲ್ಲಿ ಪದವಿಗೆ ಸೇರಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ. ಅವಳ ಕೈಯಲ್ಲಿರುವುದು ಅಣ್ಣ ಬಳಸಿ ಬಿಟ್ಟ ಹಳೆಯ ಫೋನು. ಚಾರ್ಜಿಂಗ್ ಪಿನ್ ಸಡಿಲಾಗಿದ್ದು, ವೈರನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಪಾಠದ ನೋಟ್ಸ್, ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ಒಟಿಪಿ ಎಲ್ಲವೂ ಅದೇ ಫೋನಿಗೆ ಬರಬೇಕಾಗಿರುವುದರಿಂದ ಹೊಸದು ಬೇಕು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿಲ್ಲ.

ಹೋದ ವಾರ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಫೋನಿನ ಬೆಲೆ 18,000 ರೂಪಾಯಿ. ಈಗ 6,000 ಕಟ್ಟಿ, ಮುಂದೆ ತಿಂಗಳಿಗೆ 1,500ರಂತೆ 8 ಕಂತು ಕಟ್ಟಬೇಕು, ಬಡ್ಡಿ ಇಲ್ಲ, ಫೈಲ್ ಚಾರ್ಜ್ 600 ಬೇರೆ ಎಂದರು. ಹೊರಗೆ ಬರುವಾಗ ಸುಮ್ಮನೆ ಕೇಳಿದ್ದಕ್ಕೆ, ಪೂರ್ತಿ ನಗದು ಕೊಟ್ಟರೆ 17,000ಕ್ಕೆ ಕೊಡುತ್ತೇವೆ ಎಂದರು. ನನ್ನ ಬಳಿ ಈಗ ಇರುವುದು 7,000 ರೂಪಾಯಿ. ತೊಗರಿ ಇನ್ನೂ ಹೊಲದಲ್ಲಿ ನಿಂತಿದೆ. ರಾಶಿ ಮಾಡಿ, ಗಂಜ್ ಮಾರುಕಟ್ಟೆಗೆ ಹಾಕಿ, ಅಡತಿಯವರಿಂದ (ದಲ್ಲಾಳಿಗಳಿಂದ) ರೊಕ್ಕ ಕೈಗೆ ಬರುವಷ್ಟರಲ್ಲಿ ಜನವರಿ ಕೊನೆಯಾಗುತ್ತದೆ. ನಮ್ಮ ಸಂಬಂಧಿಕರೊಬ್ಬರು, ಪೋಸ್ಟ್‌ಪೇಯ್ಡ್ ಕರಾರು ಮಾಡಿಕೊಂಡರೆ ಸಿಮ್ ಕಂಪನಿಯೇ ಫೋನು ಕೊಡುತ್ತದೆ, ವಿದೇಶದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ ಎನ್ನುತ್ತಿದ್ದಾರೆ. ಮೂರರಲ್ಲಿ ಯಾವುದು ಸರಿ ಎಂದು ತಿಳಿದವರು ಹೇಳಬೇಕೆಂದು ವಿನಂತಿ.

ಮೊಬೈಲ್ ಕೌಂಟರ್ (ಕಲಬುರಗಿ)

ಕಾಕಾ, ನಾನು ಹನ್ನೊಂದು ವರ್ಷದಿಂದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ಆದ್ದರಿಂದ ಕೌಂಟರಿನ ಒಳಬದಿಯಿಂದ ಕಾಣುವುದನ್ನು ಹೇಳುತ್ತೇನೆ. ಬಡ್ಡಿ ಇಲ್ಲದ ಕಂತು ಎಂದಾಗ ಫೈನಾನ್ಸ್ ಕಂಪನಿಯವರು ಪುಕ್ಕಟೆಯಾಗಿ ಹಣ ಕೊಡುತ್ತಾರೆ ಎಂದು ತಿಳಿಯಬಾರದು. ಅವರಿಗೆ ಸಲ್ಲಬೇಕಾದ ಬಡ್ಡಿಯನ್ನು ಫೋನು ತಯಾರಿಸುವ ಕಂಪನಿಯೋ ಡೀಲರೋ ಭರಿಸಿರುತ್ತಾರೆ, ಮತ್ತು ನಗದು ಗಿರಾಕಿಗೆ ಸಿಗಬಹುದಾಗಿದ್ದ ರಿಯಾಯಿತಿ ಅದಕ್ಕೇ ಹೋಗಿರುತ್ತದೆ. ನಿಮಗೆ ಹೇಳಿದ 17,000 ಮತ್ತು 18,000ದ ನಡುವಿನ ಅಂತರ ಅದೇ.

ಅಂಗಡಿಗೆ ಹೋದ ಕೂಡಲೇ ಕಂತಿನ ಮಾತು ತೆಗೆಯಬೇಡಿ. ಮೊದಲು ನಗದು ದರ ಕೇಳಿ, ಅದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಆಮೇಲೆ ಕಂತಿನ ಲೆಕ್ಕ ಕೇಳಿ. ಇನ್ನೊಂದು ಮಾತು: ಕಂತಿನ ಫೈಲ್ ಮಾಡುವಾಗ ಪರದೆ ಒಡೆದರೆ ರಿಪೇರಿ ಎಂಬ ಪ್ರೊಟೆಕ್ಷನ್ ಪ್ಲ್ಯಾನ್, ವಿಮೆ, ಕಂಪನಿಯ ಕಾರ್ಡಿನ ಶುಲ್ಕ ಇವುಗಳನ್ನೂ ಜೊತೆಗೆ ಸೇರಿಸುವುದುಂಟು. ಬೇಡವಾದರೆ ಬೇಡ ಎಂದು ಸಹಿಗೆ ಮುಂಚೆಯೇ ಹೇಳಬೇಕು. ಸಹಿಯಾದ ಮೇಲೆ ತೆಗೆಸುವುದು ನಮ್ಮಂಥ ಕೆಲಸಗಾರರ ಕೈಯಲ್ಲಿ ಇರುವುದಿಲ್ಲ.

ಕಾರಂಜಾ (ಬೀದರ್)

ಬ್ಯಾಂಕಿನಲ್ಲಿ ಮೂರು ದಶಕ ದುಡಿದು ನಿವೃತ್ತನಾದವನು ನಾನು. ಕಾಗಿಣಾ ದಂಡೆಯವರು ಕೊಟ್ಟಿರುವ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ.

ಫೋನಿನ ನಿಜವಾದ ಬೆಲೆ ನಗದು ದರ, ಅಂದರೆ 17,000. ನೀವು ಈಗ ಕೊಡುವುದು 6,000 ಮತ್ತು ಫೈಲ್ ಚಾರ್ಜ್ 600, ಒಟ್ಟು 6,600. ಹಾಗಾದರೆ ನೀವು ವಾಸ್ತವವಾಗಿ ಪಡೆಯುತ್ತಿರುವ ಸಾಲ 10,400 ಮಾತ್ರ. ಅದಕ್ಕೆ ಪ್ರತಿಯಾಗಿ ತಿಂಗಳಿಗೆ 1,500ರಂತೆ 8 ತಿಂಗಳು, ಅಂದರೆ 12,000 ಹಿಂದಿರುಗಿಸುತ್ತೀರಿ. ಹೆಚ್ಚುವರಿ 1,600 ರೂಪಾಯಿ ಎಂದರೆ ದೊಡ್ಡ ಮೊತ್ತವಲ್ಲ ಎಂದು ಅನಿಸಬಹುದು. ಆದರೆ ಪ್ರತಿ ತಿಂಗಳೂ ಅಸಲು ಕರಗುತ್ತಾ ಹೋಗುವುದರಿಂದ ಸರಾಸರಿಯಾಗಿ ನಿಮ್ಮ ಮೇಲಿರುವ ಸಾಲ 10,400ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ತಿಂಗಳಿಗೆ ನೂರಕ್ಕೆ ಮೂರೂಕಾಲು ರೂಪಾಯಿಗೂ ತುಸು ಮೇಲೆ, ವರ್ಷಕ್ಕೆ ಸುಮಾರು ಶೇ. 40ರ ಬಡ್ಡಿಯಾಗುತ್ತದೆ. ಊರಿನ ಸಾಹುಕಾರ ನೂರಕ್ಕೆ ಮೂರು ರೂಪಾಯಿ ಬಡ್ಡಿ ಕೇಳಿದರೆ ನಾವು ಎದ್ದು ಬರುತ್ತೇವೆ. ಇಲ್ಲಿ ಬಡ್ಡಿ ಎಂಬ ಹೆಸರಿಲ್ಲದ ಕಾರಣ ಅದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ಕೆಲವರು ಬಡ್ಡಿಯನ್ನು ಹೇಳಿಯೇ ಸಾಲ ಕೊಡುತ್ತಾರೆ. ಅಲ್ಲಿಯೂ ಫ್ಲ್ಯಾಟ್ ದರವೋ (ಅಸಲು ಕರಗಿದರೂ ಮೊದಲಿನ ಪೂರ್ತಿ ಸಾಲದ ಮೇಲೆಯೇ ಹಾಕುವ ಬಡ್ಡಿ) ಇಳಿಯುವ ಬಾಕಿಯ ದರವೋ ಎಂದು ಕೇಳಲೇಬೇಕು. 12 ಕಂತಿನಲ್ಲಿ ತೀರಿಸುವ 15,000 ರೂಪಾಯಿಗೆ ವರ್ಷಕ್ಕೆ ಶೇ. 14ರ ಫ್ಲ್ಯಾಟ್ ದರ ಎಂದರೆ ಬಡ್ಡಿ 2,100, ತಿಂಗಳ ಕಂತು 1,425. ಇದೇ ಸಾಲವನ್ನು ಇಳಿಯುವ ಬಾಕಿಯ ಮೇಲೆ ಅಳೆದರೆ ದರ ಸುಮಾರು ಶೇ. 25 ಆಗುತ್ತದೆ.

ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಕಳಿಸಿದ ಸುತ್ತೋಲೆಯಲ್ಲಿ ಹೇಳಿತ್ತು. ಅದಕ್ಕಿಂತ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವುದು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮ. ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ಸಾಲದ ಕಾಗದಕ್ಕೆ ಸಹಿ ಹಾಕಿಸುವ ಮುನ್ನ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆಯನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿ ಎಪಿಆರ್ ಎಂಬ ಹೆಸರಿನಲ್ಲಿರುತ್ತದೆ. ಅದರಲ್ಲಿ ತೋರಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ವಸೂಲಿ ಮಾಡುವಂತಿಲ್ಲ. ಹಾಳೆ ಪಡೆದ ಮೇಲೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವೂ ಇದೆ. ಆದ್ದರಿಂದ ಇವತ್ತೇ ಸಹಿ ಮಾಡದಿದ್ದರೆ ಆಫರ್ ಮುಗಿಯುತ್ತದೆ ಎಂದು ಯಾರಾದರೂ ಅವಸರಿಸಿದರೆ, ಕನ್ನಡದಲ್ಲಿ ಆ ಹಾಳೆಯನ್ನು ಕೊಡಿ, ಮನೆಗೆ ಒಯ್ದು ಓದಿಕೊಂಡು ಬರುತ್ತೇನೆ ಎಂದು ಹೇಳಿ.

ಹುಮನಾಬಾದ್ ಹಿರಿಯ

ಕರಾರಿನ ಮೇಲೆ ಫೋನು ಕೊಡುವ ವಿಷಯಕ್ಕೆ ಉತ್ತರಿಸುತ್ತೇನೆ. ನನ್ನ ಮಗ ಬ್ರಿಟನ್ನಿನಲ್ಲಿದ್ದಾನೆ. ಅಲ್ಲಿ 24 ತಿಂಗಳ ಕರಾರಿಗೆ ಸಹಿ ಹಾಕಿದರೆ ಸಿಮ್ ಕಂಪನಿಯೇ ಫೋನು ಕೊಡುತ್ತದೆ, ಅದರ ಬೆಲೆ ತಿಂಗಳ ಬಿಲ್ಲಿನೊಳಗೆ ಸೇರಿರುತ್ತದೆ. ಒಂದೇ ಕಂಪನಿಯ ಸಿಮ್ ಮಾತ್ರ ನಡೆಯುವಂತೆ ಬೀಗ ಹಾಕಿದ ಫೋನುಗಳ ಮಾರಾಟವನ್ನು ಅಲ್ಲಿ 2021ರ ಡಿಸೆಂಬರಿನಿಂದ ನಿಷೇಧಿಸಿದ್ದಾರೆ. ಆದರೂ ಅವಧಿ ಮುಗಿಯುವ ಮುನ್ನ ಕರಾರು ಬಿಟ್ಟರೆ ಉಳಿದ ತಿಂಗಳುಗಳ ಹಣ ಕೊಡಬೇಕಾಗುತ್ತದೆ. ಮಗ ಮೊದಲ ಸಲ ಕರಾರು ಮಾಡಿಕೊಂಡ. ಎರಡನೆಯ ಸಲ ಫೋನನ್ನು ಬೇರೆಯಾಗಿ ಕೊಂಡು, ಬರೀ ಸಿಮ್ಮಿನ ಯೋಜನೆ ತೆಗೆದುಕೊಂಡ.

ನಮ್ಮ ದೇಶದಲ್ಲಿ ಆ ಪದ್ಧತಿ ಬೇರೂರಲಿಲ್ಲ. 2003ರಲ್ಲಿ ರಿಲಯನ್ಸ್ ಕಂಪನಿಯವರು 501 ರೂಪಾಯಿ ಮುಂಗಡಕ್ಕೆ ಸಿಡಿಎಂಎ ಫೋನು ಕೊಟ್ಟಿದ್ದು ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಆ ಫೋನಿಗೆ ಬೇರೆ ಕಂಪನಿಯ ಸಿಮ್ ಹಾಕಲು ಬರುತ್ತಿರಲಿಲ್ಲ. 2017ರ ಜಿಯೋಫೋನಿಗೆ 1,500 ರೂಪಾಯಿ ಠೇವಣಿ ಇತ್ತು. 2021ರ ದೀಪಾವಳಿಗೆ ಬಂದ ಜಿಯೋಫೋನ್ ನೆಕ್ಸ್ಟ್‌ನ ಬೆಲೆ 6,499 ಇದ್ದು, 1,999 ಮುಂಗಡ ಕೊಟ್ಟು ಉಳಿದದ್ದನ್ನು ರೀಚಾರ್ಜ್ ಜೊತೆಗೇ 18 ಅಥವಾ 24 ತಿಂಗಳು ಕಟ್ಟುವ ಸೌಲಭ್ಯವಿತ್ತು. ಇವನ್ನು ಬಿಟ್ಟರೆ ನಮ್ಮಲ್ಲಿ ಬಹುಪಾಲು ಜನ ಪ್ರೀಪೇಯ್ಡ್ ಸಿಮ್ ಬಳಸುವವರು. ಸಿಮ್ ಬೇರೆ, ಫೋನು ಬೇರೆ, ಸಾಲ ಕೊಡುವವರು ಬೇರೆ. ನಿಮ್ಮ ಸಂಬಂಧಿಕರು ಹೇಳುತ್ತಿರುವುದು ಆ ದೇಶಗಳ ಮಟ್ಟಿಗೆ ಸರಿ, ಚಿತ್ತಾಪುರದಲ್ಲಿ ಅದನ್ನು ಹುಡುಕಿ ಅಲೆಯಬೇಡಿ.

ಪ್ರೀಪೇಯ್ಡ್‌ನಲ್ಲೇ ಮುಂದುವರಿಯುವುದಕ್ಕೆ ಇನ್ನೊಂದು ಕಾರಣವಿದೆ. ಪ್ರೀಪೇಯ್ಡ್ ರೀಚಾರ್ಜಿನ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ. ಪೋಸ್ಟ್‌ಪೇಯ್ಡ್‌ನಲ್ಲಿ ಹೇಳಿದ ದರದ ಮೇಲೆ ಶೇ. 18 ಬಿಲ್ಲಿನಲ್ಲಿ ಕೂಡುತ್ತದೆ. ಹಾಸ್ಟೆಲ್ ಸುತ್ತ ಸಿಗ್ನಲ್ ಸಿಗದೆ ಕಂಪನಿ ಬದಲಿಸಬೇಕೆಂದರೆ, ಇಂಗ್ಲಿಷಿನಲ್ಲಿ ಪೋರ್ಟ್ (PORT) ಎಂದು ಬರೆದು ನಂಬರನ್ನು ಸೇರಿಸಿ 1900ಕ್ಕೆ ಮೆಸೇಜ್ ಕಳಿಸಬಹುದು. ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇದ್ದರೆ ಅದೂ ನಿಲ್ಲುತ್ತದೆ.

ಸುರಪುರ ಟೀಚರ್

ಲೆಕ್ಕದ ಮಾತನ್ನು ಸರ್ ಹೇಳಿದ್ದಾರೆ. ಕಂತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಅದು ನಮ್ಮ ಮನೆಯಲ್ಲೇ ನಡೆದಿದೆ.

ನಮ್ಮ ಭಾಗದ ಬಹಳಷ್ಟು ಜನರಂತೆ ನನ್ನ ತಮ್ಮನೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಹಬ್ಬಕ್ಕೆ ಊರಿಗೆ ಬಂದಾಗ ಕಂತಿನಲ್ಲಿ ಫೋನು ಕೊಂಡ. ಪ್ರತಿ ತಿಂಗಳು 2ನೇ ತಾರೀಖಿಗೆ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವಂತೆ ಸಹಿ ಹಾಕಿಸಿಕೊಂಡಿದ್ದರು. ಆದರೆ ಅವನಿಗೆ ಮೇಸ್ತ್ರಿ ಬಟವಾಡೆ ಮಾಡುತ್ತಿದ್ದುದು ಶನಿವಾರಕ್ಕೊಮ್ಮೆ, ಅದೂ ಕೈಗೆ ನಗದು. ಮೂರನೆಯ ಕಂತಿನ ದಿನ ಖಾತೆಯಲ್ಲಿ ಇನ್ನೂರು ರೂಪಾಯಿ ಕಡಿಮೆ ಇತ್ತು. ಫೈನಾನ್ಸ್ ಕಂಪನಿಯವರು ಬೌನ್ಸ್ ಶುಲ್ಕ ಹಾಕಿದರು, ಬ್ಯಾಂಕಿನವರು ತಮ್ಮದನ್ನು ಬೇರೆಯಾಗಿ ಕಡಿದುಕೊಂಡರು. ನಾಲ್ಕನೆಯ ತಿಂಗಳು ಖಾತೆಗೆ ಹಾಕಿದ ಹಣದಲ್ಲಿ ಈ ಶುಲ್ಕ ಹೋದ ಕಾರಣ ಆ ಕಂತಿಗೂ ಹಣ ಸಾಲಲಿಲ್ಲ. ಒಂದು ದಿನ ಬೆಳಿಗ್ಗೆ ನೋಡಿದರೆ ಫೋನಿನ ಪರದೆಯ ಮೇಲೆ ಬಾಕಿ ಕಟ್ಟಿರಿ ಎಂಬ ಬರಹ ಬಿಟ್ಟು ಬೇರೇನೂ ತೆರೆಯುತ್ತಿರಲಿಲ್ಲ. ಫೋನು ಕೊಡುವಾಗ ಅದರಲ್ಲಿ ಬೀಗದ ಆ್ಯಪ್ ಹಾಕಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಕೆಲಸಕ್ಕೆ ಕರೆಯುವ ಮೇಸ್ತ್ರಿಯ ನಂಬರೂ, ಫೋನ್‌ಪೇಯಲ್ಲಿದ್ದ ರೊಕ್ಕವೂ ಅದರೊಳಗೇ ಉಳಿದವು. ನಾನು ಇಲ್ಲಿಂದ ಬಾಕಿ ಕಟ್ಟಿದ ಮೇಲೆ ಬೀಗ ತೆಗೆಯಲು ಎರಡು ದಿನ ಹಿಡಿದರು. ಆ ಎರಡು ದಿನ ಅವನಿಗೆ ಕೂಲಿ ಇರಲಿಲ್ಲ.

ಇಂಥ ಪರಿಸ್ಥಿತಿ ಯಾರಿಗಾದರೂ ಬಂದರೆ ಮೊದಲು ಸಿಮ್ ತೆಗೆದು, ಆ ಸಿಮ್ ನಡೆಯುವ ಒಂದು ಕೀಪ್ಯಾಡ್ ಫೋನಿಗೆ ಹಾಕಿ. ಕರೆಯೂ ಒಟಿಪಿಯೂ ಬರುತ್ತವೆ. ಸಿಮ್ಮಿಗೆ ಬೀಗ ಬಿದ್ದಿರುವುದಿಲ್ಲ ಎಂಬುದು ಆ ಗಾಬರಿಯಲ್ಲಿ ನಮಗೆ ಹೊಳೆಯಲಿಲ್ಲ.

ವರ್ಷದ ನಂತರ ತಮ್ಮ ಬೈಕಿಗೆ ಸಾಲ ಕೇಳಲು ಹೋದಾಗ ತಪ್ಪಿದ ಆ ಎರಡು ಕಂತುಗಳು ಸಿಬಿಲ್ ವರದಿಯಲ್ಲಿ, ಅಂದರೆ ಸಾಲದ ಇತಿಹಾಸದ ದಾಖಲೆಯಲ್ಲಿ, ಎದ್ದು ಕಂಡವು. ಕಾಗಿಣಾ ದಂಡೆಯ ಅಣ್ಣನವರಿಗೆ ನಾನು ಹೇಳುವುದು ಇಷ್ಟೇ: ಸಾಲ ನಿಮ್ಮ ಹೆಸರಿನಲ್ಲಿ, ಬೀಗ ಮಗಳ ಫೋನಿಗೆ. ಡಿಸೆಂಬರ್, ಜನವರಿ ಎರಡು ಕಂತುಗಳು ರಾಶಿಗಿಂತ ಮೊದಲೇ ಬೀಳುತ್ತವೆ. ಪರೀಕ್ಷೆಯ ಸಮಯದಲ್ಲಿ ಅವಳ ಫೋನು ಮುಚ್ಚಿಕೊಂಡರೆ ಏನು ಮಾಡುತ್ತೀರಿ?

ಕಾರಂಜಾ (ಬೀದರ್)

ಟೀಚರ್ ಅವರೇ, ನಿಮ್ಮ ತಮ್ಮನವರ ಅನುಭವ ಓದಿ ನೋವಾಯಿತು. ಶುಲ್ಕದ ವಿಷಯದಲ್ಲಿ ಒಂದು ಮಾತು. ಕಂತು ತಪ್ಪಿದ್ದಕ್ಕೆ ಹಾಕುವ ದಂಡವನ್ನು 2024ರ ಏಪ್ರಿಲಿನಿಂದ ಬಡ್ಡಿಗೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ. ಹಾಗೆ ಮಾಡಿದ್ದರೆ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದೊಳಗೆ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಅವರಿಗೆ ದೂರು ಸಲ್ಲಿಸಬಹುದು, ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಸಿಬಿಲ್ ವರದಿಯಲ್ಲಿ ಸಾಲ ತೀರಿದ್ದು ದಾಖಲಾಗಿದೆಯೇ ಎಂದು ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ತರಿಸಿಕೊಂಡು ನೋಡಿಕೊಳ್ಳುವುದು ಒಳ್ಳೆಯದು. ಕೊನೆಯ ಕಂತಿನ ನಂತರ, ಸಾಲ ತೀರಿದೆ ಎನ್ನುವ ನಿರಾಕ್ಷೇಪಣಾ ಪತ್ರ ಪಡೆಯುವುದನ್ನು ಮರೆಯಬಾರದು.

ಸ್ಟಾಫ್ ನರ್ಸ್ (ಕಲಬುರಗಿ)

ಹಿರಿಯರ ಮಾತನ್ನು ಗೌರವಿಸಿಯೇ ನನ್ನ ಭಿನ್ನಾಭಿಪ್ರಾಯ ಹೇಳುತ್ತೇನೆ. ನನಗೆ ಸಂಬಳ ಪ್ರತಿ ತಿಂಗಳು 1ನೇ ತಾರೀಖಿಗೆ ಖಾತೆಗೆ ಬರುತ್ತದೆ. ಕಂತನ್ನು 5ನೇ ತಾರೀಖಿಗೆ ಇಡಿಸಿಕೊಂಡು ಎರಡು ಫೋನುಗಳನ್ನು ಹೀಗೆಯೇ ಕೊಂಡಿದ್ದೇನೆ, ಒಂದು ಕಂತೂ ತಪ್ಪಿಲ್ಲ. ಮೊದಲು ನನಗೆ ಯಾವ ಸಾಲದ ಇತಿಹಾಸವೂ ಇರಲಿಲ್ಲ. ಈ ಕಂತುಗಳಿಂದಲೇ ಅದು ಬೆಳೆದು, ಆಮೇಲೆ ಸ್ಕೂಟಿಗೆ ಬ್ಯಾಂಕ್ ಸಾಲ ಸುಲಭವಾಗಿ ಸಿಕ್ಕಿತು. ಎರಡನೆಯ ಸಲ ನಗದು ದರಕ್ಕೂ ಕಂತಿನ ದರಕ್ಕೂ ವ್ಯತ್ಯಾಸವೇ ಇರಲಿಲ್ಲ, ಫೈಲ್ ಚಾರ್ಜ್ ಮಾತ್ರ ಕೊಟ್ಟೆ. ಆದ್ದರಿಂದ ಕಂತು ಎಂದರೆ ಮೋಸ ಎಂದು ಎಲ್ಲರಿಗೂ ಹೇಳುವುದು ಸರಿಯಲ್ಲ.

ಸುರಪುರ ಟೀಚರ್

ತಂಗೀ, ನೀನು ಹೇಳಿದ್ದು ನಿಜ. ನಿನ್ನ ಸಂಬಳದ ದಿನ ಗೊತ್ತಿದೆ, ಅದರ ಹಿಂದೆಯೇ ಕಂತಿನ ದಿನ ಇದೆ. ನನಗೂ ಹಾಗೆಯೇ, ನಾನೂ ಬೇಕಾದರೆ ಕಂತು ಕಟ್ಟಬಲ್ಲೆ. ವರ್ಷಕ್ಕೊಮ್ಮೆ ತೊಗರಿ ಮಾರುವವರಿಗೆ, ಹತ್ತಿ ಬಿಡಿಸುವ ಕಾಲದಲ್ಲಿ ಮಾತ್ರ ರೊಕ್ಕ ನೋಡುವವರಿಗೆ, ಶನಿವಾರದ ಬಟವಾಡೆಯವರಿಗೆ ತಿಂಗಳ ಕಂತು ಹೊಂದುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಯಾದಗಿರಿ ರಿಪೇರಿ

ಎಲ್ಲರೂ ಹಣದ ಮಾತಾಡುತ್ತಿದ್ದೀರಿ, ಹಳೆಯ ಫೋನಿನ ಬಗ್ಗೆ ಯಾರೂ ಕೇಳಲಿಲ್ಲ. ಅಣ್ಣಾ, ಆ ಫೋನು ಯಾವ ವರ್ಷದ್ದು? ಪರದೆ ಸರಿ ಇದೆಯೇ? ಬ್ಯಾಟರಿ ಉಬ್ಬಿದೆಯೇ?

ಕಾಗಿಣಾ ದಂಡೆ (ಚಿತ್ತಾಪುರ ತಾಲ್ಲೂಕು)

2021ರಲ್ಲಿ ಕೊಂಡದ್ದು. ಪರದೆ ಸರಿ ಇದೆ, ಬ್ಯಾಟರಿ ಉಬ್ಬಿಲ್ಲ, ಆದರೆ ಸಂಜೆಯೊಳಗೆ ಖಾಲಿಯಾಗುತ್ತದೆ. ಮೆಮೊರಿ ತುಂಬಿದೆ ಎಂದು ಮಗಳು ಹೇಳುತ್ತಾಳೆ.

ಯಾದಗಿರಿ ರಿಪೇರಿ

ಹಾಗಾದರೆ ಅದು ಇನ್ನೂ ಮೂರು ತಿಂಗಳು ನಡೆಯುತ್ತದೆ. ಚಾರ್ಜಿಂಗ್ ಪಿನ್ ಸಡಿಲಾದಾಗ ಬಹಳ ಸಲ ಒಳಗೆ ಧೂಳು, ಬಟ್ಟೆಯ ನೂಲು ಕೂತಿರುತ್ತದೆ. ಸ್ವಚ್ಛ ಮಾಡಿದರೇ ಸರಿಹೋಗಬಹುದು, ಇಲ್ಲವಾದರೆ ಪಿನ್ ಅಥವಾ ಅದರ ಸಣ್ಣ ಬೋರ್ಡ್ ಬದಲಿಸಬೇಕು. ಸಾಮಾನ್ಯ ಫೋನುಗಳಿಗೆ ಇದು ಕೆಲವು ನೂರು ರೂಪಾಯಿಗಳ ಕೆಲಸ. ಬ್ಯಾಟರಿ ಹಾಕಿಸುವುದಾದರೆ ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳು ನೋಡಿ ಹಾಕಿಸಿ, ಅಂಗಡಿಯಲ್ಲಿ ಎರಡು ಮೂರು ವರ್ಷ ಕೂತ ಬ್ಯಾಟರಿ ಹೊಸದಾದರೂ ಸೊರಗಿರುತ್ತದೆ. ಫೋಟೊ, ವಿಡಿಯೊಗಳನ್ನು ಮೆಮೊರಿ ಕಾರ್ಡಿಗೆ ಸರಿಸಿ, ವಾಟ್ಸ್ಆ್ಯಪ್‌ನಲ್ಲಿ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದರೆ ವೇಗವೂ ಸುಧಾರಿಸುತ್ತದೆ.

ಹೊಸದರ ವಿಷಯ. ಓದುವ ಹುಡುಗಿಗೆ 18,000ದ ಫೋನೇ ಬೇಕೆಂದಿಲ್ಲ. 12,000ದಿಂದ 13,000ದೊಳಗೆ 5ಜಿ ಫೋನುಗಳು ಸಿಗುತ್ತವೆ. ಕ್ಯಾಮೆರಾದ ಸಂಖ್ಯೆ ನೋಡಬೇಡಿ. ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಮತ್ತು ಸರ್ವಿಸ್ ಸೆಂಟರ್ ಕಲಬುರಗಿಯಲ್ಲೇ ಇದೆಯೇ ಎಂದು ನೋಡಿ. ಫೋನಿಗೆ ಏನಾದರೂ ಆದಾಗ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಕಳಿಸಿ ಹದಿನೈದು ದಿನ ಕಾಯುವುದು ಅವಳಿಗೆ ಆಗದ ಮಾತು. ಹಳೆಯ ಫೋನು ಕೊಳ್ಳುವ ಯೋಚನೆ ಇದ್ದರೆ, *#06# ಒತ್ತಿ ಬರುವ ಐಎಂಇಐ ನಂಬರನ್ನು (ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಪರೀಕ್ಷಿಸದೆ ಕೊಳ್ಳಬೇಡಿ. ಕಳವಿನ ಫೋನುಗಳೂ, ಕಂತು ತೀರದೆ ಬೀಗ ಬೀಳಲಿರುವ ಫೋನುಗಳೂ ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಮೊದಲನೆಯದನ್ನು ಆ ಪರೀಕ್ಷೆ ತೋರಿಸುತ್ತದೆ. ಎರಡನೆಯದಕ್ಕೆ ಮೂಲ ಬಿಲ್ಲನ್ನೂ ಸಾಲ ತೀರಿದ ಪತ್ರವನ್ನೂ ಕೇಳಬೇಕು.

ಕಾರಂಜಾ (ಬೀದರ್)

ರಿಪೇರಿಯವರ ಮಾತು ನನ್ನ ಲೆಕ್ಕಕ್ಕಿಂತ ಮೇಲು. ಅದರ ಜೊತೆ ರೀಚಾರ್ಜನ್ನೂ ಗಮನಿಸಿ. 28 ದಿನದ ಪ್ಯಾಕ್ ಹಾಕಿಸುತ್ತಾ ಹೋದರೆ ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸಬೇಕಾಗುತ್ತದೆ. ಪ್ರತಿ ಸಲ 300 ರೂಪಾಯಿ ಎಂದಿಟ್ಟುಕೊಂಡರೆ ಮೂರು ವರ್ಷದ ಪದವಿ ಮುಗಿಯುವಷ್ಟರಲ್ಲಿ 11,700, ಅಂದರೆ ಹೆಚ್ಚುಕಡಿಮೆ ಇನ್ನೊಂದು ಫೋನಿನ ಬೆಲೆ. 30 ದಿನದ ಅವಧಿಯ, ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಪ್ಯಾಕುಗಳನ್ನೂ ಎಲ್ಲ ಕಂಪನಿಗಳು ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ ಆದೇಶಿಸಿದೆ. ಅಂಗಡಿಯವರು ತಾವಾಗಿ ಹೇಳದಿದ್ದರೆ ಕೇಳಿ ಹಾಕಿಸಿ. ಮನೆಯಲ್ಲಿ ಇಂಟರ್ನೆಟ್ ಬಳಸದ ಹಿರಿಯರ ಕೀಪ್ಯಾಡ್ ಫೋನು ಇದ್ದರೆ, ಅದಕ್ಕೆ ಡೇಟಾ ಇಲ್ಲದೆ ಕರೆ ಮತ್ತು ಮೆಸೇಜಿಗೆ ಮಾತ್ರ ಇರುವ ಪ್ಯಾಕು ಸಾಕು. 2024ರ ಡಿಸೆಂಬರಿನ ತಿದ್ದುಪಡಿಯ ನಂತರ ಅದೂ ಲಭ್ಯವಿದೆ.

ಕಾಗಿಣಾ ದಂಡೆ (ಚಿತ್ತಾಪುರ ತಾಲ್ಲೂಕು)

ಎಲ್ಲರ ಮಾತನ್ನೂ ಮಗಳಿಗೆ ಓದಿ ಹೇಳಿದೆ. ಭಾನುವಾರ ಕಲಬುರಗಿಗೆ ಹೋಗಿ ಪಿನ್ ಬದಲಿಸಿಕೊಟ್ಟು ಬಂದೆ, 350 ರೂಪಾಯಿ ಆಯಿತು. ಈಗ ವೈರು ಹಿಡಿಯದೆಯೇ ಚಾರ್ಜ್ ಆಗುತ್ತಿದೆ. ಅವಳೇ ಹೇಳಿದಳು, ಅಪ್ಪಾ, ನಿನ್ನ ಹೆಸರಿನಲ್ಲಿ ಸಾಲ ಬೇಡ, ಪರೀಕ್ಷೆ ಮುಗಿಯುವವರೆಗೆ ಇದೇ ಸಾಕು ಎಂದು. ನನ್ನ ಮನೆಯವರ ಸ್ವಸಹಾಯ ಸಂಘದಲ್ಲಿ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ಸಾಲ ಸಿಗುತ್ತದೆ, ರಾಶಿ ತಡವಾದರೆ ಅಲ್ಲಿ ಸ್ವಲ್ಪ ತೆಗೆದುಕೊಂಡು ತೊಗರಿ ಮಾರಿದ ದಿನವೇ ತೀರಿಸುವ ಯೋಚನೆಯಿದೆ. ಕೈಯಲ್ಲಿರುವ 7,000ದಲ್ಲಿ ಉಳಿದದ್ದನ್ನು ಹಾಗೆಯೇ ಎತ್ತಿಟ್ಟಿದ್ದೇನೆ. 13,000ದೊಳಗಿನ ಫೋನನ್ನೇ ಫೆಬ್ರವರಿಯಲ್ಲಿ ನಗದು ಕೊಟ್ಟು ತರುತ್ತೇವೆ.

ಒಂದೇ ಒಂದು ಸಂದೇಹ ಉಳಿದಿದೆ. ನಗದು ಕೊಟ್ಟು ಕೊಂಡ ಫೋನಿನಲ್ಲಿಯೂ ಆ ಬೀಗದ ಆ್ಯಪ್ ಇರುವ ಸಾಧ್ಯತೆ ಇದೆಯೇ?

ಮೊಬೈಲ್ ಕೌಂಟರ್ (ಕಲಬುರಗಿ)

ಇಲ್ಲ ಕಾಕಾ. ಕಂತಿನ ಫೈಲ್ ಆದ ಮೇಲೆ ಐಎಂಇಐ ನಂಬರನ್ನು ಸೇರಿಸಿಯೇ ಅದನ್ನು ಚಾಲೂ ಮಾಡುವುದು. ಸೀಲ್ ಇರುವ ಪೆಟ್ಟಿಗೆಯನ್ನು ನಿಮ್ಮ ಎದುರಿನಲ್ಲೇ ಒಡೆಸಿ. ಪೆಟ್ಟಿಗೆಯ ಮೇಲಿನ, ಫೋನಿನೊಳಗಿನ ಮತ್ತು ಬಿಲ್ಲಿನ ಮೇಲಿನ ಐಎಂಇಐ ನಂಬರುಗಳು ಮೂರೂ ಒಂದೇ ಇವೆಯೇ ಎಂದು ಮಗಳಿಂದ ಓದಿಸಿ ನೋಡಿಕೊಳ್ಳಿ. ಬಿಲ್ಲು ಜಿಎಸ್‌ಟಿ ಸಹಿತ, ಮಗಳ ಹೆಸರಿನಲ್ಲೇ ಇರಲಿ. ಮುಂದೆ ಫೋನು ಕಳೆದರೆ ದೂರು ಕೊಡುವಾಗ ಅದೇ ಬೇಕಾಗುತ್ತದೆ.